ಪ್ಲೇಟ್‌ಲೆಟ್ ಚೀಲಕ್ಕೆ ಐಸ್ ಹಾಕಬೇಡಿ

ಕೆಲವು ವರ್ಷಗಳ ಹಿಂದಿನ ಮಾತು. ಜುಲೈ ತಿಂಗಳ ಜಡಿಮಳೆಯ ಸಂಜೆ. ನಾನು ಆಗ ಕೆಲಸ ಮಾಡುತ್ತಿದ್ದ ರಕ್ತನಿಧಿಯ ಕಿಟಕಿಯ ಮುಂದೆ ಕಾರ್ಕಳ ಕಡೆಯ ಯುವಕನೊಬ್ಬ ಬಂದು ನಿಂತ. ಅಕ್ಕನಿಗೆ ಡೆಂಗಿ ಜ್ವರ, ಪ್ಲೇಟ್‌ಲೆಟ್ 18 ಸಾವಿರಕ್ಕೆ ಇಳಿದಿದೆ, ನಾಲ್ಕು ಚೀಲ ಬೇಕು ಎಂಬ ಚೀಟಿ ಕೈಯಲ್ಲಿತ್ತು. ಕಂಕುಳಲ್ಲಿ ಥರ್ಮೋಕೋಲ್ ಪೆಟ್ಟಿಗೆ, ಅದರಲ್ಲಿ ಅರ್ಧದಷ್ಟು ಐಸ್. ಬರುವ ದಾರಿಯಲ್ಲಿ ಮೀನಿನ ಅಂಗಡಿಯಿಂದ ಹಾಕಿಸಿಕೊಂಡು ಬಂದಿದ್ದನಂತೆ.

"ಐಸ್ ಬೇಡಪ್ಪ, ಇದನ್ನು ಹಾಗೆಯೇ ಒಯ್ಯಬೇಕು" ಎಂದು ಹೇಳಿ ನಾಲ್ಕು ಚೀಲಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಕೊಟ್ಟೆ. "ಆಯಿತು ಸರ್" ಎಂದು ಹೋದ. ಒಂದೂವರೆ ಗಂಟೆಯ ನಂತರ ವಾರ್ಡಿನ ನರ್ಸ್ ಫೋನ್ ಮಾಡಿದರು. "ಚೀಲಗಳು ತಣ್ಣಗೆ ಕೊರೆಯುತ್ತಿವೆ, ಹಾಕಬಹುದೇ?" ದಾರಿಯಲ್ಲಿ ಹುಡುಗನ ಮನಸ್ಸು ಕೇಳಲಿಲ್ಲ. ಇಷ್ಟು ಕಷ್ಟಪಟ್ಟು ಸಿಕ್ಕಿದ್ದು ಮನೆ ಮುಟ್ಟುವಾಗ ಕೆಟ್ಟುಹೋದರೆ ಎಂದು ಹೆದರಿ, ಗಾಡಿ ನಿಲ್ಲಿಸಿ, ನಾಲ್ಕೂ ಚೀಲಗಳನ್ನು ಐಸ್ ಪೆಟ್ಟಿಗೆಗೆ ವರ್ಗಾಯಿಸಿದ್ದ.

ಅವನ್ನು ಎಸೆಯಬೇಕಾಯಿತು. ನಾಲ್ಕು ಮಂದಿ ತೋಳು ಚಾಚಿ ಕೊಟ್ಟದ್ದು ಒಂದು ಗಂಟೆಯಲ್ಲಿ ಹೋಯಿತು. ಆ ರಾತ್ರಿ ನಮ್ಮ ಶೆಲ್ಫಿನಲ್ಲಿ ಮತ್ತೆ ಕೊಡಲು ಅದೇ ಗುಂಪಿನ ಚೀಲ ಇರಲಿಲ್ಲ.

ಹುಡುಗನನ್ನು ಬೈಯುವುದು ಸುಲಭ. ಆದರೆ ತಪ್ಪು ನನ್ನದೂ ಇತ್ತು. ಐಸ್ ಬೇಡ ಎಂದೆನೇ ಹೊರತು ಏಕೆ ಬೇಡ ಎಂದು ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಹಾಲು ಕೆಡದಂತೆ ಫ್ರಿಜ್‌ನಲ್ಲಿಡುತ್ತೇವೆ, ಮೀನಿಗೆ ಐಸ್ ಹಾಕುತ್ತೇವೆ, ಮಗುವಿನ ಲಸಿಕೆಯೂ ಐಸ್ ಪೆಟ್ಟಿಗೆಯಲ್ಲೇ ಬರುತ್ತದೆ. ಹಾಗಿರುವಾಗ ರಕ್ತದ ಚೀಲವನ್ನು ಬರಿಗೈಯಲ್ಲಿ ಒಯ್ಯಿರಿ ಎಂದರೆ ಯಾರು ನಂಬುತ್ತಾರೆ? ಅಂದು ಕಿಟಕಿಯಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಒಬ್ಬರ ರಕ್ತ, ಮೂರು ಚೀಲ

ನೀವು ಶಿಬಿರದಲ್ಲಿ ಕೊಡುವ ರಕ್ತವನ್ನು ಈಗ ಹಾಗೆಯೇ ಇನ್ನೊಬ್ಬರಿಗೆ ಏರಿಸುವುದು ಅಪರೂಪ. ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸುತ್ತಾರೆ. ಮೂರಕ್ಕೂ ಮೂರು ಬಗೆಯ ಉಪಚಾರ. ಕೆಂಪು ಕಣಗಳು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್‌ನಲ್ಲಿ, ಸೇರಿಸುವ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಉಳಿಯುತ್ತವೆ. ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿಯಲ್ಲಿ ಗಟ್ಟಿಯಾಗಿಸಿ ಒಂದು ವರ್ಷ ಇಡಬಹುದು. ಪ್ಲೇಟ್‌ಲೆಟ್‌ಗೆ ಮಾತ್ರ 20ರಿಂದ 24 ಡಿಗ್ರಿಯ ಹದವಾದ ಕೋಣೆಯ ಬಿಸಿ ಬೇಕು, ಜೊತೆಗೆ ಬಿಡದೆ ತೂಗುವ ತೊಟ್ಟಿಲು ಬೇಕು. ಇಷ್ಟೆಲ್ಲ ಮಾಡಿದರೂ ಅದರ ಆಯುಸ್ಸು ಐದೇ ದಿನ.

ಪ್ಲೇಟ್‌ಲೆಟ್ ಎಂದರೆ ರಕ್ತದಲ್ಲಿರುವ ಅತಿ ಸಣ್ಣ ಚಪ್ಪಟೆ ಬಿಲ್ಲೆಗಳು. ಕನ್ನಡದಲ್ಲಿ ಕಿರುಬಿಲ್ಲೆ ಎನ್ನುವವರೂ ಇದ್ದಾರೆ. ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಏಳರಿಂದ ಹತ್ತು ದಿನ ರಕ್ತದಲ್ಲಿ ಓಡಾಡಿ, ಹಳತಾಗಿ ಹೋಗುತ್ತವೆ. ರಕ್ತನಾಳದಲ್ಲಿ ಎಲ್ಲಾದರೂ ಬಿರುಕು ಬಿಟ್ಟರೆ ಅಲ್ಲಿಗೆ ಧಾವಿಸಿ, ಮೈ ಉಬ್ಬಿಸಿ, ಒಂದಕ್ಕೊಂದು ಅಂಟಿಕೊಂಡು ಬಿರುಕನ್ನು ಮುಚ್ಚುವುದು ಅವುಗಳ ಕೆಲಸ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಲ್ಯಾಬ್ ವರದಿಯಲ್ಲಿ ನೀವು ನೋಡುವ ಅಂಕಿ ಇದೇ.

ಹಿಂದೆ ವೈದ್ಯರೂ ಆ ಕಾರ್ಕಳದ ಹುಡುಗನಂತೆಯೇ ಯೋಚಿಸುತ್ತಿದ್ದರು. ರಕ್ತವನ್ನು ತಂಪಿನಲ್ಲಿಡುವಂತೆ ಪ್ಲೇಟ್‌ಲೆಟನ್ನೂ ತಂಪಿನಲ್ಲಿಡುತ್ತಿದ್ದರು. 1969ರಲ್ಲಿ ಅಮೆರಿಕದ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್‌ನರ್ ಎಂಬ ವೈದ್ಯರು ತಂಪಿನಲ್ಲಿಟ್ಟ ಪ್ಲೇಟ್‌ಲೆಟ್‌ಗಳನ್ನೂ ಕೋಣೆಯ ಬಿಸಿಯಲ್ಲಿಟ್ಟವನ್ನೂ ಹೋಲಿಸಿ ನೋಡಿದರು. ತಂಪಿನಲ್ಲಿಟ್ಟವು ದೇಹಕ್ಕೆ ಹೋದ ಮೇಲೆ ಬೇಗನೆ ಮಾಯವಾಗುತ್ತಿದ್ದವು. ಕೋಣೆಯ ಬಿಸಿಯಲ್ಲಿಟ್ಟವು ದಿನಗಟ್ಟಲೆ ಉಳಿಯುತ್ತಿದ್ದವು. ಕಾರಣ ತಿಳಿಯಲು ಇನ್ನೂ ಮೂರು ದಶಕ ಬೇಕಾಯಿತು. ತಂಪು ತಾಗಿದರೆ ಬಿಲ್ಲೆಗಳು ಚಪ್ಪಟೆ ಆಕಾರ ಬಿಟ್ಟು ಗುಂಡಗಾಗುತ್ತವೆ. ಅವುಗಳ ಮೈಮೇಲಿನ ಒಂದು ಬಗೆಯ ಪ್ರೋಟೀನ್ ಅಲ್ಲಲ್ಲಿ ಗುಂಪುಗೂಡುತ್ತದೆ. ಆ ಗುರುತನ್ನು ಕಂಡ ಪಿತ್ತಜನಕಾಂಗ ಇವು ಹಾಳಾದ ಕಣಗಳು ಎಂದು ತಿಳಿದು ಹಿಡಿದು ನುಂಗಿಬಿಡುತ್ತದೆ. ಅಂದರೆ ಐಸ್‌ನಲ್ಲಿಟ್ಟ ಚೀಲ ಹೊರನೋಟಕ್ಕೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ರೋಗಿಯ ಮೈಗೂ ಹೋಗುತ್ತದೆ, ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಲೆಕ್ಕ ಏರದೆ ಮನೆಯವರು ಕಂಗಾಲಾಗುತ್ತಾರೆ.

ಅಮೆರಿಕದಲ್ಲಿ 2023ರಿಂದ ತೀವ್ರ ರಕ್ತಸ್ರಾವದ ಸಂದರ್ಭಕ್ಕೆಂದು ತಂಪಿನಲ್ಲಿಟ್ಟ ಪ್ಲೇಟ್‌ಲೆಟ್ ಬಳಸಲು ಅವಕಾಶ ಕೊಟ್ಟಿದ್ದಾರೆ ಎಂಬ ಸುದ್ದಿಯನ್ನು ನೀವು ಮೊಬೈಲಿನಲ್ಲಿ ಓದಿರಬಹುದು. ಅದು ನಿಜ. ಆದರೆ ಅದು ಬೇರೆ ಉದ್ದೇಶಕ್ಕೆ, ಬೇರೆ ನಿಯಮದಡಿ ತಯಾರಾಗುವ ಚೀಲ. ನಿಮ್ಮ ಕೈಗೆ ಉಡುಪಿಯಲ್ಲೋ ಮಣಿಪಾಲದಲ್ಲೋ ಕೊಡುವ ಚೀಲಕ್ಕೂ ಅದಕ್ಕೂ ಸಂಬಂಧವಿಲ್ಲ.

ತೊಟ್ಟಿಲು ಮತ್ತು ಉಸಿರು

ರಕ್ತನಿಧಿಯ ಒಳಗೆ ಹೋಗಿ ನೋಡುವ ಅವಕಾಶ ಸಿಕ್ಕರೆ ಒಂದು ಗಾಜಿನ ಬಾಗಿಲಿನ ಕಪಾಟು ಕಾಣುತ್ತದೆ. ಅದರ ತಟ್ಟೆಗಳು ಹಗಲು ರಾತ್ರಿ ಅತ್ತಿಂದಿತ್ತ ಸರಿಯುತ್ತಲೇ ಇರುತ್ತವೆ, ನಿಮಿಷಕ್ಕೆ ಸುಮಾರು 60 ಸಲ. ಮೊದಲ ಸಲ ನೋಡಿದವರು ಯಂತ್ರ ಕೆಟ್ಟು ನಡುಗುತ್ತಿದೆಯೇ ಎಂದು ಕೇಳುವುದುಂಟು.

ಇಲ್ಲ, ಅದು ಚೀಲಕ್ಕೆ ಉಸಿರು ಕೊಡುವ ಕ್ರಮ. ಪ್ಲೇಟ್‌ಲೆಟ್ ಚೀಲದ ಪ್ಲಾಸ್ಟಿಕ್ ಸಾಮಾನ್ಯ ಪ್ಲಾಸ್ಟಿಕ್ ಅಲ್ಲ. ಹೊರಗಿನ ಆಮ್ಲಜನಕ ಅದರ ಮೂಲಕ ನಿಧಾನವಾಗಿ ಒಳಹೋಗುತ್ತದೆ, ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಚೀಲ ಅಲುಗದೆ ಬಿದ್ದಿದ್ದರೆ ಬಿಲ್ಲೆಗಳು ತಳದಲ್ಲಿ ಒತ್ತೊತ್ತಾಗಿ ಕೂತು ಉಸಿರುಕಟ್ಟುತ್ತವೆ. ಆಮ್ಲಜನಕ ಸಾಲದೆ ಹೋದಾಗ ಅವು ಸಕ್ಕರೆಯನ್ನು ಬೇರೆ ದಾರಿಯಲ್ಲಿ ಬಳಸಿ ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಹುಳಿ ಏರುತ್ತ ಹೋದಂತೆ ಬಿಲ್ಲೆಗಳು ಸಾಯುತ್ತವೆ. ಸಾಗಾಟದಲ್ಲಿ ಒಂದೆರಡು ಗಂಟೆ ತೂಗಾಟ ನಿಂತರೆ ಭಯವಿಲ್ಲ. ಹಾಗೆ ನಿಂತ ಹೊತ್ತು ಒಟ್ಟು 24 ಗಂಟೆ ಮೀರಬಾರದು ಎನ್ನುವುದು ಲೆಕ್ಕ. ಆದರೆ ಚೀಲದ ಮೇಲೆ ಭಾರ ಹೇರಿದರೆ, ಅಥವಾ ಗಾಳಿಯಾಡದಂತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿದು ಕಟ್ಟಿದರೆ ಅದಕ್ಕೆ ಒಳ್ಳೆಯದಲ್ಲ.

ಕರಾವಳಿಯ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಹೀಗಾಗಿ ಈ ಕಪಾಟಿಗೆ ಜನರೇಟರ್ ಬೆಂಬಲ, ಉಷ್ಣತೆ ಏರುಪೇರಾದರೆ ಕೂಗುವ ಅಲಾರಂ, ಗಂಟೆಗಂಟೆಯ ಉಷ್ಣತೆಯನ್ನು ಗೆರೆ ಎಳೆದು ದಾಖಲಿಸುವ ಸಾಧನ ಇವೆಲ್ಲ ಬೇಕೇ ಬೇಕು. ಪಾಳಿ ಬದಲಾಗುವಾಗ ಹಿಂದಿನವರಿಂದ ಮುಂದಿನವರು ಮೊದಲು ಕೇಳಿ ತಿಳಿಯುವುದೂ ಇದನ್ನೇ.

ಬೆಳಕಿಗೆ ಹಿಡಿದು ನೋಡುವುದು

ಚೀಲದ ಒಳಗಿನ ಬಿಲ್ಲೆಗಳು ಜೀವಂತ ಇವೆಯೇ ಎಂದು ತಿಳಿಯಲು ಅತಿ ಹಳೆಯ, ಅತಿ ಅಗ್ಗದ ಪರೀಕ್ಷೆ ಕಣ್ಣಿನದು. ಚೀಲವನ್ನು ಟ್ಯೂಬ್‌ಲೈಟಿನ ಎದುರು ಹಿಡಿದು ಮೆಲ್ಲನೆ ಓರೆ ಮಾಡಿದರೆ ಒಳಗೆ ಬೆಳ್ಳಿಯ ಹೊಗೆಯಂತಹ ಸುಳಿಗಳು ಮಿನುಗುತ್ತ ಓಡಾಡುತ್ತವೆ. ಕಾಪುವಿನ ಕಡಲಲ್ಲಿ ದೋಣಿಯಲ್ಲಿ ಹೋದವರು ಬೂತಾಯಿ ಮೀನಿನ ಹಿಂಡು ಒಮ್ಮೆಲೇ ತಿರುಗುವಾಗ ನೀರು ಫಳಕ್ಕೆಂದು ಹೊಳೆಯುವುದನ್ನು ನೋಡಿರುತ್ತಾರೆ. ಇಲ್ಲೂ ಹಾಗೆಯೇ. ಚಪ್ಪಟೆ ಬಿಲ್ಲೆಗಳು ಹರಿವಿನ ಜೊತೆ ಒಂದೇ ದಿಕ್ಕಿಗೆ ವಾಲುತ್ತವೆ, ಬೆಳಕನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ಚದುರಿಸುತ್ತವೆ. ತಂಪು ತಗುಲಿಯೋ ಹುಳಿ ಏರಿಯೋ ಗುಂಡಗಾದ ಕಣಗಳಿಗೆ ದಿಕ್ಕು ಎಂಬುದೇ ಇಲ್ಲ. ಹೇಗೆ ತಿರುಗಿಸಿದರೂ ಚೀಲ ಮಂಕಾಗಿ, ಕದಡಿದ ನೀರಿನಂತೆ ಕಾಣುತ್ತದೆ. ಅಂದು ಫೋನಿನಲ್ಲಿದ್ದ ನರ್ಸಮ್ಮನಿಗೆ ಚೀಲವನ್ನು ಬೆಳಕಿಗೆ ಹಿಡಿಯಲು ಹೇಳಿದ್ದೆ. "ಮಿಂಚುವುದು ಏನೂ ಕಾಣುವುದಿಲ್ಲ ಸರ್" ಎಂದರು.

ಚೀಲ ಹೊರಗೆ ಕೊಡುವ ಮೊದಲು ರಕ್ತನಿಧಿಯವರು ಈ ಸುಳಿಯನ್ನು ನೋಡುತ್ತಾರೆ. ಜೊತೆಗೆ ಸೋರಿಕೆ, ಗುಳ್ಳೆ, ಕರಗದ ಗಂಟು, ಅತಿಯಾದ ಕೆಂಪು ಇವನ್ನೂ ಗಮನಿಸುತ್ತಾರೆ. ನೀವು ಕೂಡ ನೋಡಬಹುದು, ಕೇಳಬಹುದು. ಸಾಮಾನ್ಯವಾಗಿ ಚೀಲದ ಬಣ್ಣ ತಿಳಿಹಳದಿ. ಕೆಲವೊಮ್ಮೆ ಸ್ವಲ್ಪ ಹಸಿರು ಛಾಯೆ ಇರುತ್ತದೆ. ದಾನಿ ಗರ್ಭನಿರೋಧಕ ಮಾತ್ರೆ ಸೇವಿಸುವ ಮಹಿಳೆಯಾಗಿದ್ದರೆ ಹೀಗಾಗುವುದುಂಟು, ಅದರಿಂದ ತೊಂದರೆಯಿಲ್ಲ. ಹಾಲಿನಂತೆ ಬೆಳ್ಳಗಿದ್ದರೆ ದಾನಿ ಕೊಬ್ಬಿನ ಊಟ ಮಾಡಿ ಬಂದಿದ್ದಾರೆ ಎಂದು ಅರ್ಥ. ಮದುವೆ ಮನೆಯಲ್ಲಿ ಬಿರಿಯಾನಿ ಮುಗಿಸಿ ನೇರವಾಗಿ ರಕ್ತ ಕೊಡಲು ಬರುವ ನಮ್ಮ ಉತ್ಸಾಹಿ ಹುಡುಗರ ಚೀಲಗಳನ್ನು ಹೀಗೆ ಗುರುತಿಸಿಬಿಡುತ್ತಿದ್ದೆವು. ತಮಾಷೆಯಾಗಿ ಕಂಡರೂ ಅಂತಹ ಚೀಲದಲ್ಲಿ ಸುಳಿ ಕಾಣುವುದಿಲ್ಲ, ಪರೀಕ್ಷೆಗಳಿಗೂ ಅಡ್ಡಿಯಾಗುತ್ತದೆ.

ಕಣ್ಣಿನ ಪರೀಕ್ಷೆ ಸಾಲದು ಎಂದೇ ಕಾನೂನು ಇನ್ನೂ ಕೆಲವನ್ನು ಕಡ್ಡಾಯ ಮಾಡಿದೆ. ತಯಾರಾದ ಪ್ಲೇಟ್‌ಲೆಟ್ ಚೀಲಗಳಲ್ಲಿ ನೂರಕ್ಕೆ ಒಂದರಂತೆ ತೆಗೆದು ಪ್ರಮಾಣ, ಬಿಲ್ಲೆಗಳ ಸಂಖ್ಯೆ, ಹುಳಿಯ ಮಟ್ಟ ಅಂದರೆ ಪಿಎಚ್ ಇವನ್ನು ಅಳೆಯಬೇಕು. 450 ಮಿ.ಲೀ. ರಕ್ತದಿಂದ ಮಾಡಿದ ಚೀಲದಲ್ಲಿ ಕನಿಷ್ಠ 4,500 ಕೋಟಿ ಬಿಲ್ಲೆಗಳಿರಬೇಕು. 350 ಮಿ.ಲೀ.ಯದ್ದಾದರೆ 3,500 ಕೋಟಿ. ಪಿಎಚ್ 6ಕ್ಕಿಂತ ಕೆಳಗೆ ಇಳಿದಿರಬಾರದು. ಹೀಗೆ ಪರೀಕ್ಷಿಸಿದ ಚೀಲಗಳಲ್ಲಿ ಶೇಕಡ 75 ಈ ಅಳತೆಗೆ ಹೊಂದಬೇಕು ಎಂದು ನಿಯಮ. ನೂರಕ್ಕೆ ನೂರು ಏಕಲ್ಲ ಎಂದು ನೀವು ಕೇಳಬಹುದು. ದಾನಿಯಿಂದ ದಾನಿಗೆ ಬಿಲ್ಲೆಗಳ ಸಂಖ್ಯೆ ಬೇರೆ. ಎರಡು ಲಕ್ಷ ಇರುವವರೂ ನಾಲ್ಕು ಲಕ್ಷ ಇರುವವರೂ ಆರೋಗ್ಯವಂತರೇ. ಆದ್ದರಿಂದ ಒಂದೊಂದು ಚೀಲ ತುಸು ಬಡವಾಗಿರುವುದು ಸಹಜ. ನಾಲ್ಕು ಚೀಲ ಹಾಕಿದರೂ ಲೆಕ್ಕ ನಿರೀಕ್ಷೆಯಷ್ಟು ಏರಲಿಲ್ಲ ಎಂದಾಗ ಇದೂ ಒಂದು ಕಾರಣ ಇರಬಹುದು.

ಐದು ದಿನ ಏಕೆ?

ಬಿಲ್ಲೆಗಳು ಐದು ದಿನಕ್ಕೇ ಸಾಯುತ್ತವೆ ಎಂದು ಹೆಚ್ಚಿನವರು ಭಾವಿಸಿದ್ದಾರೆ. ಒಳ್ಳೆಯ ಚೀಲದಲ್ಲಿ ಅವು ಏಳು ದಿನವೂ ಬದುಕುತ್ತವೆ. 1984ರಲ್ಲಿ ಅಮೆರಿಕ ಏಳು ದಿನಕ್ಕೆ ಅನುಮತಿ ಕೊಟ್ಟಿತ್ತು. ಎರಡೇ ವರ್ಷದಲ್ಲಿ, 1986ರಲ್ಲಿ, ಮತ್ತೆ ಐದಕ್ಕೆ ಇಳಿಸಿತು. ಕಾರಣ ಬ್ಯಾಕ್ಟೀರಿಯಾ.

ಬಿಲ್ಲೆಗಳಿಗೆ ಹಿತವಾದ ಆ 22 ಡಿಗ್ರಿಯ ಬಿಸಿ, ಸಕ್ಕರೆ ಬೆರೆತ ಪ್ಲಾಸ್ಮಾ, ಬೇಕಾದಷ್ಟು ಆಮ್ಲಜನಕ, ಇವು ಬ್ಯಾಕ್ಟೀರಿಯಾಗಳಿಗೂ ಹಿತ. ದಾನಿಯ ತೋಳಿನ ಚರ್ಮದಿಂದ ಸೂಜಿಯ ತುದಿಗೆ ಹತ್ತಿಕೊಂಡು ಬಂದ ನಾಲ್ಕಾರು ಕಣ್ಣಿಗೆ ಕಾಣದ ಜೀವಿಗಳು ಮೊದಲ ದಿನ ಲೆಕ್ಕಕ್ಕಿಲ್ಲ. ನಾಲ್ಕನೆಯ, ಐದನೆಯ ದಿನಕ್ಕೆ ಅವು ಕೋಟಿಗಟ್ಟಲೆ ಆಗಿರಬಹುದು. ಕೆಂಪು ಕಣದ ಚೀಲ ಫ್ರಿಜ್‌ನಲ್ಲಿರುವುದರಿಂದ ಅಲ್ಲಿ ಈ ಅಪಾಯ ಬಹಳ ಕಡಿಮೆ.

ಇಲ್ಲಿ ದಾನಿಯಾಗಿ ನೀವು ಮಾಡಬಹುದಾದದ್ದು ಬಹಳಷ್ಟಿದೆ. ರಕ್ತ ಕೊಡುವ ಮೊದಲು ಮೊಣಕೈಯ ಮಡಿಕೆಯನ್ನು ಸೋಪು ಹಾಕಿ ತೊಳೆದು ಬನ್ನಿ. ವುಝೂ ಮಾಡುವವರಿಗೆ ಕೈ ಮೊಣಕೈವರೆಗೆ ತೊಳೆಯುವ ಅಭ್ಯಾಸ ಇದ್ದೇ ಇದೆ; ಇದು ಇನ್ನು ನಾಲ್ಕು ಬೆರಳು ಮೇಲೆ, ಅಷ್ಟೇ. ಸಿಬ್ಬಂದಿ ಔಷಧ ಹಚ್ಚಿ ಒಣಗಲು ಬಿಟ್ಟ ಜಾಗವನ್ನು ಆಮೇಲೆ ಬೆರಳಿನಿಂದ ಮುಟ್ಟಬೇಡಿ. ನರ ಎಲ್ಲಿದೆ ಎಂದು ತೋರಿಸಲು ಹೋಗಿ ಮುಟ್ಟುವವರು ತುಂಬ ಜನ. ಸೂಜಿ ಚುಚ್ಚಿದಾಗ ಬರುವ ಮೊದಲ ಕೆಲವು ಮಿಲಿಲೀಟರ್ ರಕ್ತವನ್ನು ಒಂದು ಪುಟ್ಟ ಬದಿಚೀಲಕ್ಕೆ ಹರಿಸುವ ವ್ಯವಸ್ಥೆ ಹಲವು ಚೀಲಗಳಲ್ಲಿದೆ. ಚರ್ಮದ ಕೊಳೆ ಅಲ್ಲೇ ಉಳಿಯಲಿ ಎಂದು ಅದು.

ಇನ್ನೊಂದು, ಸತ್ಯ ಹೇಳುವುದು. ಮೊನ್ನೆ ಭೇದಿಯಾಗಿತ್ತು, ನಿನ್ನೆ ಹಲ್ಲು ಕೀಳಿಸಿದೆ, ಬೆಳಿಗ್ಗೆ ಮೈ ಬೆಚ್ಚಗಿತ್ತು ಎಂಬುದನ್ನು ಮುಚ್ಚಿಡಬೇಡಿ. ತಲೆನೋವಿಗೋ ಹೃದಯಕ್ಕೋ ಆಸ್ಪಿರಿನ್ ನುಂಗಿದ್ದರೆ ಅದನ್ನೂ ಹೇಳಿ. ಆಸ್ಪಿರಿನ್ ತಾಗಿದ ಬಿಲ್ಲೆ ಬದುಕಿರುವವರೆಗೂ ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಪ್ಲೇಟ್‌ಲೆಟ್ ಕೊಡುವವರಿಗೆ ಮೂರು ದಿನದ ಅಂತರ ಬೇಕು. ಸಂಬಂಧಿಕರ ಮುಂದೆ ಇಲ್ಲ ಎನ್ನಲು ಸಂಕೋಚವಾದರೆ ಒಳಗೆ ವೈದ್ಯರಿಗೆ ಒಬ್ಬರಿಗೇ ಹೇಳಬಹುದು. ಅವರು ಬೇರೇನಾದರೂ ಕಾರಣ ಹೇಳಿ ನಿಮ್ಮನ್ನು ಕಳುಹಿಸುತ್ತಾರೆ.

ರಮಝಾನ್ ಮತ್ತು ಶಿಬಿರಗಳ ಲೆಕ್ಕ

ಐದು ದಿನ ಎಂದರೂ ಕೈಗೆ ಸಿಗುವುದು ನಾಲ್ಕೇ. ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು ಮುಗಿಯುವಾಗ ಮೊದಲ ದಿನ ಹೆಚ್ಚುಕಡಿಮೆ ಕಳೆದಿರುತ್ತದೆ. ಈ ಲೆಕ್ಕ ನಮ್ಮ ಸಮುದಾಯಕ್ಕೆ ಎರಡು ಕಡೆ ನೇರವಾಗಿ ತಾಗುತ್ತದೆ.

ಮೊದಲನೆಯದು ರಮಝಾನ್. ಉಪವಾಸವಿರುವಾಗ ರಕ್ತ ಕೊಡಬಾರದು ಎಂದು ನಮ್ಮ ದೇಶದ ದಾನಿಗಳ ಮಾರ್ಗಸೂಚಿಯೇ ಹೇಳುತ್ತದೆ. ಹೀಗಾಗಿ ಆ ತಿಂಗಳು ಮುಸ್ಲಿಂ ದಾನಿಗಳು ಹಗಲಿನಲ್ಲಿ ಸಿಗುವುದಿಲ್ಲ. ಕೆಂಪು ಕಣದ ಮಟ್ಟಿಗೆ ಇದಕ್ಕೆ ಪರಿಹಾರವಿದೆ. ಶಅಬಾನ್ ಕೊನೆಯಲ್ಲಿ ಶಿಬಿರ ಮಾಡಿದರೆ ಆ ಚೀಲಗಳು ಈದ್‌ವರೆಗೂ ಬರುತ್ತವೆ. ಪ್ಲೇಟ್‌ಲೆಟ್ ಹಾಗಲ್ಲ, ಮೊದಲ ವಾರದಲ್ಲೇ ಮುಗಿಯುತ್ತದೆ. ಆದ್ದರಿಂದ ಇಫ್ತಾರ್ ನಂತರ ಕೊಡುವವರ ಒಂದು ಪಟ್ಟಿಯನ್ನು ಜಮಾಅತ್ ಮಟ್ಟದಲ್ಲಿ ಮಾಡಿಟ್ಟುಕೊಂಡರೆ ದೊಡ್ಡ ಉಪಕಾರ. ದಿನಕ್ಕೆ ಇಬ್ಬರು ಮೂವರು ಸಾಕು. ಅಂದು ಕರಿದದ್ದು ಬೇಡ. ಖರ್ಜೂರ, ಗಂಜಿ, ಹಣ್ಣು, ಸಾಕಷ್ಟು ನೀರು ಕುಡಿದು ಒಂದು ಗಂಟೆ ಕಳೆದು ಹೋಗಿ. ಆ ಹೊತ್ತಿಗೆ ರಕ್ತನಿಧಿಯಲ್ಲಿ ದಾನ ಸ್ವೀಕರಿಸುತ್ತಾರೆಯೇ ಎಂದು ಮೊದಲೇ ಕೇಳಿ ನಿಗದಿ ಮಾಡಿಕೊಳ್ಳಿ. ಕೊಟ್ಟ ದಿನ ತರಾವೀಹ್‌ನಲ್ಲಿ ತಲೆ ಸುತ್ತಿದಂತಾದರೆ ಕೂತುಕೊಳ್ಳಿ.

ಎರಡನೆಯದು ದೊಡ್ಡ ಶಿಬಿರಗಳು. ಮೀಲಾದ್, ಸ್ವಾತಂತ್ರ್ಯ ದಿನ, ಸಂಘದ ವಾರ್ಷಿಕೋತ್ಸವ ಎಂದು ಒಂದೇ ದಿನ ನೂರಿನ್ನೂರು ಜನ ಕೊಡುತ್ತಾರೆ. ಬ್ಯಾನರ್, ಫೋಟೋ ಎಲ್ಲ ಚೆನ್ನಾಗಿ ಬರುತ್ತದೆ. ಆರನೆಯ ದಿನಕ್ಕೆ ಉಳಿದ ಪ್ಲೇಟ್‌ಲೆಟ್ ಚೀಲಗಳನ್ನು ನಾವು ಎಣಿಸಿ ಎಸೆಯುತ್ತಿದ್ದೆವು. ಮುಂದಿನ ವಾರ ಅದೇ ಊರಿನವರು ಪ್ಲೇಟ್‌ಲೆಟ್ ಇಲ್ಲವೇ ಎಂದು ಬಂದಾಗ ಏನು ಹೇಳುವುದೆಂದೇ ತಿಳಿಯುತ್ತಿರಲಿಲ್ಲ. ಕಾಪು, ಉಚ್ಚಿಲ, ಹೆಜಮಾಡಿ, ಕಾರ್ಕಳದ ಜಮಾಅತ್‌ಗಳೂ ಸಂಘಗಳೂ ಕೂತು ತಾರೀಕು ಹಂಚಿಕೊಂಡು ವಾರಕ್ಕೊಂದು ಸಣ್ಣ ಶಿಬಿರ ಮಾಡಿದರೆ ಹೆಸರು ಚಿಕ್ಕದಾದರೂ ಉಪಯೋಗ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಡೆಂಗಿ ಮತ್ತು ಇಲಿಜ್ವರದ ಕಾಲದಲ್ಲಂತೂ ಇದು ಬೇಕು.

ಶಿಬಿರದ ಜಾಗವೂ ಮುಖ್ಯ. ತೆಗೆದ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸುವ ಕೆಲಸ ಸುಮಾರು ಆರು ಗಂಟೆಯೊಳಗೆ ಆಗಬೇಕು, ಅಲ್ಲಿಯವರೆಗೆ ಆ ರಕ್ತವನ್ನೂ ತಂಪು ಮಾಡುವಂತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕೊಟ್ಟ ರಕ್ತ ಸಭೆ, ಭಾಷಣ, ಸನ್ಮಾನ ಮುಗಿಯುವವರೆಗೆ ಸಭಾಂಗಣದ ಮೂಲೆಯಲ್ಲಿ ಕಾದರೆ ಆ ದಿನದ ಪ್ಲೇಟ್‌ಲೆಟ್ ಹೋದಂತೆ. ಭಾಷಣವನ್ನು ಕೊನೆಗಿಡಿ, ಗಾಡಿಯನ್ನು ಮೊದಲು ಕಳುಹಿಸಿ.

ನಿಜವಾಗಿ ಬೇಕೇ?

ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಕಾಯಿಲೆಯ ಸಹಜ ನಡೆ. ಜ್ವರ ಇಳಿಯುವ ಹೊತ್ತಿಗೆ ಅತಿ ಕೆಳಗೆ ಹೋಗಿ, ಎರಡು ಮೂರು ದಿನದಲ್ಲಿ ತಾನಾಗಿ ಏರುತ್ತದೆ. ಆ ಕಾರ್ಕಳದ ಅಕ್ಕನಿಗೂ ರಕ್ತಸ್ರಾವ ಇರಲಿಲ್ಲ. ಚೀಲಗಳು ಹಾಳಾದ ಮರುದಿನ ಬೆಳಿಗ್ಗೆಯಿಂದ ಲೆಕ್ಕ ತಾನಾಗಿ ಮೇಲೇರಿತು, ಚೀಲ ಹಾಕದೆಯೇ ಮನೆಗೆ ಹೋದರು.

ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗೆ ಇಳಿದಾಗ ಮುನ್ನೆಚ್ಚರಿಕೆಯಾಗಿ ಕೊಡುವುದನ್ನು ಯೋಚಿಸಬೇಕು ಎನ್ನುತ್ತದೆ ನಮ್ಮ ರಾಷ್ಟ್ರೀಯ ಮಾರ್ಗಸೂಚಿ. ರಕ್ತಸ್ರಾವ ಇದ್ದರೆ ಲೆಕ್ಕ ಎಷ್ಟೇ ಇರಲಿ, ಮಾತು ಬೇರೆ. ಸಿಂಗಾಪುರ ಮತ್ತು ಮಲೇಷ್ಯಾದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಇದ್ದ ವಯಸ್ಕ ಡೆಂಗಿ ರೋಗಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮುಂಚಿತವಾಗಿ ಪ್ಲೇಟ್‌ಲೆಟ್ ಕೊಟ್ಟದ್ದರಿಂದ ರಕ್ತಸ್ರಾವ ತಪ್ಪಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ಡೆಂಗಿಯಲ್ಲಿ ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯುವುದು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗಿನಿಂದ ರಕ್ತ, ತೀರಾ ಸುಸ್ತು ಅಥವಾ ಚಡಪಡಿಕೆ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ, ಇವು ಕಂಡರೆ ಪ್ಲೇಟ್‌ಲೆಟ್ 80 ಸಾವಿರ ಇದ್ದರೂ ಕೂಡಲೇ ಆಸ್ಪತ್ರೆಗೆ ಓಡಬೇಕು.

ಹಾಗಾಗಿ ವೈದ್ಯರು ಸದ್ಯಕ್ಕೆ ಬೇಡ ಎಂದರೆ ಜಗಳಕ್ಕೆ ನಿಲ್ಲಬೇಡಿ. ಪಕ್ಕದ ಮನೆಯವರಿಗೆ ನಾಲ್ಕು ಚೀಲ ಹಾಕಿದ್ದರು ಎಂಬುದು ಕಾರಣವಲ್ಲ. ಅದೇ ಹೊತ್ತಿಗೆ ಮಣಿಪಾಲದ ವಾರ್ಡಿನಲ್ಲಿ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಮಗುವೊಂದಿರುತ್ತದೆ. ಔಷಧದಿಂದ ಮಜ್ಜೆಯೇ ಬರಿದಾದ ಆ ಮಗುವಿಗೆ ತಾನಾಗಿ ಏರುವ ದಾರಿ ಇಲ್ಲ, ವಾರಗಟ್ಟಲೆ ಬೇರೆಯವರ ಬಿಲ್ಲೆಗಳಿಂದಲೇ ದಿನ ದೂಡಬೇಕು. ಇಂತಹ ರೋಗಿಗಳಿಗೆ ಹೆಚ್ಚಾಗಿ ಒಬ್ಬರೇ ದಾನಿಯಿಂದ ಯಂತ್ರದ ಮೂಲಕ ತೆಗೆದ ಎಸ್‌ಡಿಪಿ ಚೀಲ ಕೇಳುತ್ತಾರೆ. ಅದರಲ್ಲಿ 30,000 ಕೋಟಿ ಬಿಲ್ಲೆಗಳಿರಬೇಕು, ಅಂದರೆ ಸಾಮಾನ್ಯ ಚೀಲ ಆರಕ್ಕಿಂತ ಹೆಚ್ಚು. ಒಂದು ಸಾಮಾನ್ಯ ಚೀಲ ವಯಸ್ಕರಲ್ಲಿ ಲೆಕ್ಕವನ್ನು ಐದರಿಂದ ಹತ್ತು ಸಾವಿರ ಏರಿಸಿದರೆ ಇದು ಮೂವತ್ತು ಸಾವಿರವೋ ಅದಕ್ಕಿಂತ ಹೆಚ್ಚೋ ಏರಿಸುತ್ತದೆ. ಕೊಡುವವರ ತೂಕ 50 ಕಿಲೋ ಮೀರಿರಬೇಕು, ಸ್ವಂತ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕು. ಒಂದರಿಂದ ಎರಡು ಗಂಟೆ ಕೂರಬೇಕು. ಕೆಂಪು ಕಣಗಳು ನಿಮಗೇ ಹಿಂತಿರುಗುವುದರಿಂದ ನಿತ್ರಾಣವಾಗುವುದಿಲ್ಲ. ದುಡ್ಡಿಗೆ ರಕ್ತ ಕೊಡುವುದು ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿ 1ರಿಂದ ನಿಷಿದ್ಧ. ಆದ್ದರಿಂದ ನೆಂಟರು, ಗೆಳೆಯರು, ಊರಿನವರು ಬಿಟ್ಟರೆ ಬೇರೆ ಮೂಲವಿಲ್ಲ.

ಚೀಲ ನಿಮ್ಮ ಕೈಯಲ್ಲಿರುವ ಒಂದು ಗಂಟೆ

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ರಕ್ತ ವರ್ಗಾವಣೆಗೆಂದೇ ಪ್ರತ್ಯೇಕ ವಿಭಾಗವಿದೆ. ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲೂ ರಕ್ತನಿಧಿಯಿದೆ. ಎಲ್ಲಿ ಯಾವ ಗುಂಪು ಎಷ್ಟಿದೆ ಎಂದು ಸರ್ಕಾರದ ಇ-ರಕ್ತಕೋಶ ತಾಣದಲ್ಲಿ ನೋಡಬಹುದು. ಆದರೂ ಹೊರಡುವ ಮೊದಲು ಫೋನ್ ಮಾಡಿ ಕೇಳುವುದೇ ಒಳ್ಳೆಯದು. ಕಾಪುವಿಗೆ ಅರ್ಧ ಗಂಟೆ, ಹಿರಿಯಡ್ಕ ಬೈಲೂರಿನ ಮೇಲೆ ಕಾರ್ಕಳಕ್ಕೆ ಒಂದು ಗಂಟೆಯ ದಾರಿ. ಈ ಒಂದು ಗಂಟೆ ಕಪಾಟಿನ ಕೆಲಸ ನಿಮ್ಮದು.

ಕಿಟಕಿಯಲ್ಲೇ ಚೀಲದ ಚೀಟಿ ಓದಿ. ರೋಗಿಯ ಹೆಸರು, ರಕ್ತದ ಗುಂಪು, ಚೀಲದ ಸಂಖ್ಯೆ, ತೆಗೆದ ದಿನ, ಮುಗಿಯುವ ದಿನ ಎಲ್ಲವೂ ಇರುತ್ತದೆ. ಪೆಟ್ಟಿಗೆಯಲ್ಲಿ ಐಸ್ ಇರಬಾರದು, ಹಾಗೆಂದು ಬಿಸಿಯೂ ತಾಗಬಾರದು. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್, ಯಾವ ಕಾಲದಲ್ಲೂ ಸ್ಕೂಟರಿನ ಸೀಟಿನ ಅಡಿ, ಎರಡೂ ಬೇಡ. ಎಸಿ ಇರುವ ಕಾರಾದರೆ ಹಿಂದಿನ ಸೀಟಿನಲ್ಲಿ ಒಬ್ಬರು ತೊಡೆಯ ಮೇಲಿಟ್ಟುಕೊಂಡು ಕೂತರೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ರಸ್ತೆಯ ಕುಲುಕಾಟದಿಂದ ಕೆಡುವುದಿಲ್ಲ. ಕೆಂಪು ರಕ್ತದ ಚೀಲವನ್ನೂ ಜೊತೆಗೆ ಕೊಟ್ಟಿದ್ದರೆ ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಅದಕ್ಕೆ ತಂಪು ಬೇಕು, ಇದಕ್ಕೆ ಬೇಡ. ದಾರಿಯಲ್ಲಿ ಚಹಾಕ್ಕೆ ಇಳಿಯಬೇಡಿ.

ವಾರ್ಡಿಗೆ ಮುಟ್ಟಿದ ಕೂಡಲೇ ನರ್ಸ್ ಕೈಗೇ ಕೊಡಿ. ಡಾಕ್ಟರ್ ಬರುವವರೆಗೆ ಫ್ರಿಜ್‌ನಲ್ಲಿಡೋಣ ಎಂದು ಯಾರಾದರೂ ಹೇಳಿದರೆ ವಿನಯದಿಂದ ಬೇಡ ಎನ್ನಿ, ಬೇಕಾದರೆ ರಕ್ತನಿಧಿಗೆ ಫೋನ್ ಹಚ್ಚಿಕೊಡಿ. ಬಿಸಿ ನೀರಿನಲ್ಲಿ ಅದ್ದುವುದೂ ಬೇಡ. ಸಾಮಾನ್ಯ ಚೀಲವೊಂದು ಸುಮಾರು ಅರ್ಧ ಗಂಟೆಯಲ್ಲಿ ಏರಿ ಮುಗಿಯುತ್ತದೆ. ಆ ಅರ್ಧ ಗಂಟೆ, ಅದರಲ್ಲೂ ಮೊದಲ ಕಾಲು ಗಂಟೆ, ಮನೆಯವರೊಬ್ಬರು ಮೊಬೈಲ್ ಬದಿಗಿಟ್ಟು ರೋಗಿಯ ಮುಖ ನೋಡುತ್ತಿರಬೇಕು. ಚಳಿ ನಡುಕ, ಜ್ವರ, ಉಸಿರಾಟದ ಕಷ್ಟ, ಮೈಮೇಲೆ ದದ್ದು, ಸೊಂಟ ನೋವು, ಏನೇ ಕಂಡರೂ ಕೂಡಲೇ ಕರೆಯಿರಿ. ಡೆಂಗಿ ರೋಗಿಗೆ ಹೇಗೂ ಜ್ವರ ಇತ್ತಲ್ಲ ಎಂದು ಸುಮ್ಮನಿರಬೇಡಿ. ಕೆಲಸ ಮಾಡಿತೇ ಎಂದು ತಿಳಿಯಲು ಏರಿಸಿ ಒಂದು ಗಂಟೆಯೊಳಗೆ ಒಮ್ಮೆ, ಮರುದಿನ ಒಮ್ಮೆ ಲೆಕ್ಕ ನೋಡುವುದು ಕ್ರಮ. ಗುಳಿಗೆ ನುಂಗಿದಂತೆ ಗಂಟೆಗೊಮ್ಮೆ ರಕ್ತ ತೆಗೆಸುವ ಅಗತ್ಯವಿಲ್ಲ.

ಖಾಲಿಯಾದ ಚೀಲವನ್ನು ಕಸದ ಬುಟ್ಟಿಗೆ ಹಾಕುವ ಆತುರ ಮಾಡಬೇಡಿ. ನಡುಕ ಅಥವಾ ಜ್ವರ ಬಂದಿದ್ದರೆ ಆ ಚೀಲ, ಅದರ ಕೊಳವೆಯ ಸಮೇತ, ರಕ್ತನಿಧಿಗೆ ಹಿಂತಿರುಗಬೇಕು. ಒಳಗೆ ಉಳಿದ ಎರಡು ಹನಿಯಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಅಲ್ಲಿ ಬೆಳೆಸಿ ನೋಡುತ್ತಾರೆ. ಅದೇ ದಾನಿಯ ರಕ್ತದಿಂದ ಮಾಡಿದ ಬೇರೆ ಚೀಲ ಇನ್ನೊಂದು ವಾರ್ಡಿಗೆ ಹೋಗುವ ಮೊದಲು ತಡೆಯುತ್ತಾರೆ.